ನಿಲ್ಲಲು ಜಾಗ ಸಿಗದ ಬಂದರು: ‘ಲಾರ್ಡ್ಸ್ ಆಫ್ ವಾಟರ್‌ಡೀಪ್’ ಬೋರ್ಡ್ ಗೇಮ್ ಕೊಳ್ಳಬೇಕೆ?

ವಿಜರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ 2012ರಲ್ಲಿ ಹೊರತಂದ ‘ಲಾರ್ಡ್ಸ್ ಆಫ್ ವಾಟರ್‌ಡೀಪ್’ ಇಬ್ಬರಿಂದ ಐವರವರೆಗೆ ಆಡಬಹುದಾದ ಬೋರ್ಡ್ ಗೇಮ್. ರೂಪಿಸಿದವರು ಪೀಟರ್ ಲೀ ಮತ್ತು ರಾಡ್ನಿ ಥಾಂಪ್ಸನ್. ಭಾನುವಾರ ಮಧ್ಯಾಹ್ನ ಕ್ಯಾರಂ, ಇಸ್ಪೀಟು ಬಿಟ್ಟು ಬೇರೇನಾದರೂ ಆಡೋಣ ಎನ್ನುವ ಮುಂಬೈಯ ಕನ್ನಡ ಮನೆಗಳಲ್ಲಿ ಮೂರು-ನಾಲ್ಕು ಜನ ಖಾಯಂ ಸೇರುವುದಾದರೆ ಧೈರ್ಯವಾಗಿ ಕೊಳ್ಳಬಹುದು. ಗಂಡ-ಹೆಂಡತಿ ಇಬ್ಬರೇ ಆಡುವವರು ಸ್ವಲ್ಪ ಯೋಚಿಸಬೇಕು. ಅದಕ್ಕೆ ಕಾರಣ ಆಟದ ಒಳಲೆಕ್ಕದಲ್ಲೇ ಇದೆ.

ವಾಟರ್‌ಡೀಪ್ ಎಂಬುದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಪಾತ್ರಾಭಿನಯದ ಆಟ ಆಡುವವರಿಗೆ ಚಿರಪರಿಚಿತವಾದ, ಫರ್ಗಾಟನ್ ರೆಲ್ಮ್ಸ್ ಎಂಬ ಕಲ್ಪಿತ ಲೋಕದ ಬಂದರು ನಗರ. ಸ್ವೋರ್ಡ್ ಕೋಸ್ಟ್ ಎಂಬ ಕರಾವಳಿಯಲ್ಲಿದೆ. ಒಂದು ಕಡೆ ಸಮುದ್ರ, ಬೆನ್ನಿಗೆ ಬೆಟ್ಟ, ಬೆಟ್ಟದ ಅಡಿಯಲ್ಲಿ ಅಂಡರ್‌ಮೌಂಟನ್ ಎಂಬ ನೆಲಮಾಳಿಗೆಗಳ ಜಾಲ, ಅದರ ಆಳದಲ್ಲಿ ಸ್ಕಲ್‌ಪೋರ್ಟ್ ಎಂಬ ಕಳ್ಳಬಂದರು. ಊರನ್ನು ಆಳುವವರು ಮುಖವಾಡ ತೊಟ್ಟ ಲಾರ್ಡ್‌ಗಳು. ಅವರಲ್ಲಿ ಒಬ್ಬರ ಮುಖ ಮಾತ್ರ ಜನರಿಗೆ ಗೊತ್ತು. ಆಟದಲ್ಲಿ ನೀವೂ ಅಂಥ ಒಬ್ಬ ಲಾರ್ಡ್. ಯಾರೆಂಬುದು ನಿಮ್ಮ ಕೈಯ ಕಾರ್ಡ್‌ನಲ್ಲಿ ಗುಟ್ಟಾಗಿರುತ್ತದೆ, ಕೊನೆಯ ಲೆಕ್ಕದ ಹೊತ್ತಿಗೆ ಮಾತ್ರ ತೆರೆಯಬೇಕು. ಈ ಹಿನ್ನೆಲೆ ಗೊತ್ತಿಲ್ಲದಿದ್ದರೂ ಆಟಕ್ಕೆ ಏನೂ ಕೊರತೆಯಿಲ್ಲ.

ಆಟದ ಕ್ರಮ ಸರಳ. ಒಟ್ಟು 8 ಸುತ್ತು. ನಿಮ್ಮ ಸರದಿ ಬಂದಾಗ ಒಬ್ಬ ಏಜೆಂಟ್‌ನನ್ನು (ನಿಮ್ಮ ಬಣ್ಣದ ಕಾಯಿ) ಊರಿನ ಯಾವುದಾದರೂ ಖಾಲಿ ಜಾಗದಲ್ಲಿ ನಿಲ್ಲಿಸಿ, ಆ ಜಾಗ ಕೊಡುವುದನ್ನು ತೆಗೆದುಕೊಳ್ಳುತ್ತೀರಿ. ಒಬ್ಬರು ನಿಂತ ಜಾಗದಲ್ಲಿ ಆ ಸುತ್ತು ಮುಗಿಯುವವರೆಗೆ ಇನ್ನೊಬ್ಬರು ನಿಲ್ಲುವಂತಿಲ್ಲ. ಹೀಗೆ ಕೂಡಿಸಿದ ಸಾಹಸಿಗಳನ್ನೂ ಚಿನ್ನವನ್ನೂ ಕೊಟ್ಟು ಕ್ವೆಸ್ಟ್ (ಸಾಹಸಕಾರ್ಯ) ಕಾರ್ಡ್‌ಗಳನ್ನು ಪೂರೈಸಿ ಪಾಯಿಂಟ್ ಗಳಿಸಬೇಕು. ಸಾಹಸಿಗಳೆಂದರೆ ಮರದ ಪುಟ್ಟ ಕ್ಯೂಬ್‌ಗಳು: ಕಿತ್ತಳೆ ಬಣ್ಣದ್ದು ಯೋಧ, ಕಪ್ಪು ಕಳ್ಳ, ಬಿಳಿ ಪುರೋಹಿತ, ನೇರಳೆ ಮಾಂತ್ರಿಕ.

ಜಾಗಗಳ ಪರಿಚಯ ಮೊದಲೇ ಇದ್ದರೆ ಕಲಿಯುವುದು ಬೇಗ. ಫೀಲ್ಡ್ ಆಫ್ ಟ್ರಯಂಫ್‌ನಲ್ಲಿ 2 ಯೋಧರು, ಗ್ರಿನಿಂಗ್ ಲಯನ್ ಟ್ಯಾವರ್ನ್‌ನಲ್ಲಿ 2 ಕಳ್ಳರು ಸಿಗುತ್ತಾರೆ. ಪ್ಲಿಂತ್‌ನಲ್ಲಿ 1 ಪುರೋಹಿತ, ಬ್ಲ್ಯಾಕ್‌ಸ್ಟಾಫ್ ಟವರ್‌ನಲ್ಲಿ 1 ಮಾಂತ್ರಿಕ, ಅಷ್ಟೇ. ಹಾಗಾಗಿ ಬಿಳಿ ಮತ್ತು ನೇರಳೆ ಕ್ಯೂಬ್‌ಗಳಿಗೆ ಕಿತ್ತಳೆ-ಕಪ್ಪಿನ ಎರಡರಷ್ಟು ಬೆಲೆ ಎಂದು ಲೆಕ್ಕ ಹಾಕಿಯೇ ಕ್ವೆಸ್ಟ್ ಆರಿಸಬೇಕು. ಅರೋರಾಸ್ ರೆಲ್ಮ್ಸ್ ಶಾಪ್‌ನಲ್ಲಿ 4 ಚಿನ್ನ. ಬಿಲ್ಡರ್ಸ್ ಹಾಲ್‌ನಲ್ಲಿ ಕಟ್ಟಡ ಕೊಳ್ಳಬಹುದು. ಕ್ಯಾಸಲ್ ವಾಟರ್‌ಡೀಪ್‌ಗೆ ಹೋದರೆ ಮುಂದಿನ ಸುತ್ತಿನ ಮೊದಲ ಸರದಿ ನಿಮ್ಮದು, ಜೊತೆಗೆ ಒಂದು ಇಂಟ್ರೀಗ್ (ಒಳಸಂಚು) ಕಾರ್ಡ್. ಕ್ಲಿಫ್‌ವಾಚ್ ಇನ್‌ನಲ್ಲಿ ಮೂರು ಜಾಗಗಳಿವೆ. ಮೂರರಲ್ಲೂ ಒಂದೊಂದು ಕ್ವೆಸ್ಟ್ ಸಿಗುತ್ತದೆ. ಒಂದರಲ್ಲಿ ಜೊತೆಗೆ 2 ಚಿನ್ನ, ಇನ್ನೊಂದರಲ್ಲಿ ಇಂಟ್ರೀಗ್ ಕಾರ್ಡ್. ಮೂರನೆಯದರಲ್ಲಿ ತೆರೆದಿಟ್ಟ ನಾಲ್ಕೂ ಕ್ವೆಸ್ಟ್‌ಗಳನ್ನು ಎತ್ತಿಹಾಕಿ ಹೊಸ ನಾಲ್ಕನ್ನು ಬಿಡಿಸಿ, ಅವುಗಳಿಂದ ಆರಿಸಿಕೊಳ್ಳಬಹುದು.

ಉಳಿದದ್ದು ಹಾರ್ಬರ್. ಈ ಆಟದ ಜೀವ ಇರುವುದು ಅಲ್ಲಿ.

ಹಾರ್ಬರ್‌ನಲ್ಲಿ 1, 2, 3 ಎಂದು ಸಂಖ್ಯೆ ಹಾಕಿದ ಮೂರು ಜಾಗಗಳಿವೆ. ಅಲ್ಲಿ ಏಜೆಂಟ್‌ನನ್ನು ನಿಲ್ಲಿಸಬೇಕಾದರೆ ಕೈಯಲ್ಲಿನ ಒಂದು ಇಂಟ್ರೀಗ್ ಕಾರ್ಡ್ ಆಡಲೇಬೇಕು. ಎಲ್ಲರ ಏಜೆಂಟರೂ ನಿಂತು ಮುಗಿದ ಮೇಲೆ ಹಾರ್ಬರ್‌ನಲ್ಲಿದ್ದವರು 1, 2, 3ರ ಕ್ರಮದಲ್ಲಿ ಎದ್ದು ಊರಿನಲ್ಲಿ ಇನ್ನೂ ಖಾಲಿಯಿರುವ ಜಾಗಕ್ಕೆ ಹೋಗುತ್ತಾರೆ. ಅಂದರೆ ಒಬ್ಬನೇ ಏಜೆಂಟ್‌ನಿಂದ ಎರಡು ಕೆಲಸ, ಆದರೆ ಎರಡನೆಯದು ಮಿಕ್ಕಿದ್ದರಲ್ಲಿ. ಮುಂಬೈಯ ಇಂದಿರಾ ಡಾಕ್‌ನ ಹೊರಗೆ ಲಂಗರು ಹಾಕಿ, ಒಳಗೆ ಜಾಗ ಖಾಲಿಯಾಗುವುದನ್ನೂ ಉಬ್ಬರವನ್ನೂ ಕಾಯುವ ಹಡಗಿನ ಸ್ಥಿತಿ ಇದೇ. ಬೋರ್ಡಿನ ಮೇಲೆ ಹಡಗುಗಳಿಗೆ ಕೆಲಸವಿಲ್ಲ, ಸರಕು ಇಳಿಸುವುದಿಲ್ಲ, ಮೀನಿನ ಹರಾಜಿಲ್ಲ. ಆದರೂ ಬಂದರಿನ ಧಕ್ಕೆಯಲ್ಲಿ ಜಾಗಕ್ಕಾಗಿ ನಡೆಯುವ ಪೈಪೋಟಿಯನ್ನು ಇಷ್ಟು ಚೊಕ್ಕವಾಗಿ ಆಟದ ನಿಯಮವಾಗಿಸಿದ್ದು ಮೆಚ್ಚಬೇಕಾದ ಕೆಲಸ.

ಈಗ ಲೆಕ್ಕಕ್ಕೆ ಬರೋಣ. ಇಬ್ಬರಿದ್ದರೆ ಒಬ್ಬೊಬ್ಬರಿಗೆ 4 ಏಜೆಂಟರು, ಮೂವರಿದ್ದರೆ 3, ನಾಲ್ವರು ಅಥವಾ ಐವರಿದ್ದರೆ 2. ಐದನೇ ಸುತ್ತಿನ ಆರಂಭದಲ್ಲಿ ಪ್ರತಿಯೊಬ್ಬರಿಗೂ ಇನ್ನೊಬ್ಬ ಸೇರುತ್ತಾನೆ. ಹಾರ್ಬರ್‌ನ ಮೂರನ್ನು ಬಿಟ್ಟರೆ ಬೋರ್ಡಿನ ಮೂಲ ಜಾಗಗಳು 10 ಮಾತ್ರ. ಹಾರ್ಬರ್‌ನಲ್ಲಿ ನಿಂತವರೂ ಕೊನೆಗೆ ಈ ಹತ್ತರೊಳಗೇ ಬರಬೇಕು. ಐದನೇ ಸುತ್ತಿನಿಂದ ಮೂವರ ಆಟದಲ್ಲೂ ನಾಲ್ವರ ಆಟದಲ್ಲೂ ಬೋರ್ಡಿನ ಮೇಲೆ 12 ಏಜೆಂಟರು, ಐವರ ಆಟದಲ್ಲಿ 15. ಯಾರೂ ಕಟ್ಟಡ ಕೊಳ್ಳದಿದ್ದರೆ ಅಷ್ಟು ಜನಕ್ಕೆ ನಿಲ್ಲಲು ನೆಲವೇ ಇಲ್ಲ. ಇಬ್ಬರ ಆಟದಲ್ಲಿ ಮಾತ್ರ 10 ಏಜೆಂಟರಿಗೆ 10 ಜಾಗ ಸರಿಹೋಗುತ್ತದೆ, ಒಂದೆರಡು ಕಟ್ಟಡ ಬಂದರೆ ಮಿಕ್ಕುತ್ತದೆ. ಇಕ್ಕಟ್ಟು ಇಲ್ಲವಾದಾಗ ಹಾರ್ಬರ್‌ನ ಬಿಗಿಯೂ ಹೋಗುತ್ತದೆ. ಇಬ್ಬರಿಗೆ ಯೋಚಿಸಿ ಎಂದದ್ದು ಇದಕ್ಕೆ. ಐವರ ಆಟದಲ್ಲಿ ಇಕ್ಕಟ್ಟು ಚೆನ್ನಾಗಿದ್ದರೂ ನಿಮ್ಮ ಸರದಿ ಬರುವಷ್ಟರಲ್ಲಿ ಬಹಳ ಹೊತ್ತಾಗುತ್ತದೆ, ಮಕ್ಕಳು ಎದ್ದುಹೋಗುತ್ತಾರೆ.

ಇನ್ನೊಂದು ಲೆಕ್ಕವೂ ನೆನಪಿರಲಿ. ನಾಲ್ವರ ಆಟದಲ್ಲಿ ಮೊದಲ 4 ಸುತ್ತಿಗೆ 8, ಕೊನೆಯ 4 ಸುತ್ತಿಗೆ 12, ಒಟ್ಟು 20 ಸಲ ಮಾತ್ರ ನೀವು ಏಜೆಂಟ್ ಇಡುತ್ತೀರಿ. ಹೊಸಬರು ಸೋಲುವುದು ಇದನ್ನು ಮರೆತು ದೊಡ್ಡ ಕ್ವೆಸ್ಟ್‌ಗೆ ಆಸೆಪಟ್ಟಾಗ. ‘ಬೋಲ್‌ಸ್ಟರ್ ಸಿಟಿ ಗಾರ್ಡ್’ ಎಂಬ ಯುದ್ಧದ ಕ್ವೆಸ್ಟ್‌ಗೆ 25 ಪಾಯಿಂಟ್. ಬೇಕಾದದ್ದು 9 ಯೋಧರು, 2 ಕಳ್ಳರು. ಫೀಲ್ಡ್ ಆಫ್ ಟ್ರಯಂಫ್‌ನಲ್ಲಿ ಒಂದು ಸುತ್ತಿಗೆ ಒಬ್ಬರಿಗೇ ಜಾಗ, ಸಿಗುವವರು ಇಬ್ಬರು. ಅದೊಂದನ್ನೇ ನಂಬಿದರೆ ಒಂಬತ್ತು ಯೋಧರಿಗೆ ಐದು ಸುತ್ತು ಬೇಕು, ಅದೂ ಐದು ಸಲವೂ ಬೇರೆಯವರು ಅಡ್ಡ ಬಾರದಿದ್ದರೆ. ಮೂರನೇ ಸಲ ಹೋಗುವಷ್ಟರಲ್ಲಿ ಎದುರಿನವರಿಗೆ ನಿಮ್ಮ ಉದ್ದೇಶ ತಿಳಿದು, ತಮಗೆ ಬೇಡವಾದರೂ ಅಲ್ಲಿ ಹೋಗಿ ನಿಲ್ಲುತ್ತಾರೆ. ಯೋಧರನ್ನು ಕೊಡುವ ಕಟ್ಟಡವೋ ಇಂಟ್ರೀಗ್ ಕಾರ್ಡೋ ಕೈಯಲ್ಲಿದ್ದಾಗ ಮಾತ್ರ ಇಂಥದ್ದಕ್ಕೆ ಕೈಹಾಕಿ.

ಕಟ್ಟಡಗಳ ವಿಚಾರಕ್ಕೆ ಬಹಳ ಜನ ತಡವಾಗಿ ಏಳುತ್ತಾರೆ. ಪೆಟ್ಟಿಗೆಯಲ್ಲಿ 24 ಕಟ್ಟಡದ ಬಿಲ್ಲೆಗಳಿವೆ, ಬೆಲೆ 3ರಿಂದ 8 ಚಿನ್ನ. ಒಮ್ಮೆಗೆ ಮೂರು ಮಾರಾಟಕ್ಕಿರುತ್ತವೆ. ಕೊಂಡವರು ಅದರ ಮೇಲೆ ತಮ್ಮ ಬಣ್ಣದ ಗುರುತು ಇಟ್ಟರೆ, ಬೇರೆಯವರು ಅಲ್ಲಿ ನಿಂತಾಗಲೆಲ್ಲ ಮಾಲೀಕರಿಗೂ ಒಂದು ಪಾಲು. ಮಾರಾಟವಾಗದೆ ಉಳಿದ ಕಟ್ಟಡದ ಮೇಲೆ ಪ್ರತಿ ಸುತ್ತಿಗೆ ಒಂದೊಂದು ಪಾಯಿಂಟ್ ಸೇರುತ್ತ ಹೋಗುತ್ತದೆ, ಕೊಂಡವರಿಗೆ ಅದೂ ಸೇರುತ್ತದೆ. ನಾಲ್ವರ ಆಟದಲ್ಲಿ ಅರೋರಾಸ್‌ಗೆ ಹೋಗಿ 4 ಚಿನ್ನ ತಂದು ಆಮೇಲೆ ಬಿಲ್ಡರ್ಸ್ ಹಾಲ್‌ಗೆ ಹೋದರೆ ಇಡೀ ಸುತ್ತು ಖರ್ಚು. ಅದಕ್ಕೇ ಆರಂಭದಲ್ಲಿ ಕೊಡುವ ಚಿನ್ನವನ್ನು ಇದಕ್ಕೆ ಎತ್ತಿಡುವುದು ಜಾಣತನ. ಎರಡನೇ ಸುತ್ತಿನಲ್ಲಿ ಕೊಂಡ ಕಟ್ಟಡಕ್ಕೆ ಬಾಡಿಗೆ ಬರಲು ಮುಂದೆ ಆರು ಸುತ್ತುಗಳಿವೆ. ಏಳನೆಯದರಲ್ಲಿ ಕೊಂಡರೆ ಮೇಲಿದ್ದ ಪಾಯಿಂಟ್ ಬಿಟ್ಟು ಬೇರೇನೂ ಹುಟ್ಟುವುದಿಲ್ಲ. ಆರಿಸುವಾಗ ನಿಮಗೆ ಬೇಕಾದದ್ದನ್ನಲ್ಲದೆ ಎದುರಿನವರು ಬಿಡಲಾರದ್ದನ್ನು ನೋಡಿ. ಮಾಂತ್ರಿಕರನ್ನೋ ಪುರೋಹಿತರನ್ನೋ ಕೊಡುವ ಕಟ್ಟಡಕ್ಕೆ ಜನ ಬಂದೇ ಬರುತ್ತಾರೆ.

ಕ್ವೆಸ್ಟ್‌ಗಳು 60, ಐದು ಬಗೆ: ಮಂತ್ರವಿದ್ಯೆ, ವ್ಯಾಪಾರ, ಭಕ್ತಿ, ಕಪಟ, ಯುದ್ಧ. ಲಾರ್ಡ್ ಕಾರ್ಡ್‌ಗಳು 11. ಅವುಗಳಲ್ಲಿ ಹತ್ತು, ತಮ್ಮ ಎರಡು ಬಗೆಯ ಕ್ವೆಸ್ಟ್ ಒಂದೊಂದಕ್ಕೂ ಕೊನೆಯಲ್ಲಿ 4 ಪಾಯಿಂಟ್ ಕೊಡುತ್ತವೆ. ಹನ್ನೊಂದನೆಯ ಲಾರಿಸ್ಸಾ ನೀಥಲ್‌ಗೆ ಮಾತ್ರ ತನ್ನ ಪ್ರತಿ ಕಟ್ಟಡಕ್ಕೆ 6 ಪಾಯಿಂಟ್. ಈ ಕಾರ್ಡ್ ಬಂದವರು ಮೂರನೇ ಕಟ್ಟಡ ಕೊಳ್ಳುವಷ್ಟರಲ್ಲಿ ಸಿಕ್ಕಿಬೀಳುತ್ತಾರೆ, ಆಮೇಲೆ ಬಿಲ್ಡರ್ಸ್ ಹಾಲ್ ಅವರಿಗೆ ಸಿಗದಂತೆ ಉಳಿದವರು ನೋಡಿಕೊಳ್ಳುತ್ತಾರೆ. ಹೊಸಬರ ಕೈಗೆ ಅದನ್ನು ಕೊಡದಿರುವುದೇ ಒಳ್ಳೆಯದು, ಮೊದಲ ಆಟಕ್ಕೆ ತೆಗೆದಿಟ್ಟುಬಿಡಿ.

ಕೆಲವು ಕ್ವೆಸ್ಟ್‌ಗಳು ‘ಪ್ಲಾಟ್’ ಜಾತಿಯವು, ಮುಗಿಸಿದ ಮೇಲೂ ಫಲ ಕೊಡುತ್ತಿರುತ್ತವೆ. ‘ಡಿಫೆಂಡ್ ದ ಟವರ್ ಆಫ್ ಲಕ್’ ಮುಗಿಸಿದರೆ ಪ್ರತಿ ಸುತ್ತಿನ ಆರಂಭದಲ್ಲಿ ಇಷ್ಟದ ಬಣ್ಣದ ಒಂದು ಕ್ಯೂಬ್. ‘ರಿಕ್ರೂಟ್ ಲೆಫ್ಟಿನೆಂಟ್’ ಮುಗಿಸಿದರೆ ಆಟದ ಕೊನೆಯವರೆಗೆ ಒಬ್ಬ ಹೆಚ್ಚುವರಿ ಏಜೆಂಟ್. ಇವನ್ನು ಮೂರನೇ ಸುತ್ತಿನೊಳಗೆ ಮುಗಿಸಿದರೆ ಬಂಗಾರ, ಆರನೆಯದರಲ್ಲಿ ಕಸ. ಈ ಆಟದ ನಿಜವಾದ ದೋಷವೂ ಇಲ್ಲೇ ಇದೆ. ಆರಂಭದಲ್ಲಿ ಕೊಡುವ ಎರಡು ಕ್ವೆಸ್ಟ್‌ಗಳಲ್ಲಿ ಒಬ್ಬರಿಗೆ ತನ್ನ ಲಾರ್ಡ್‌ಗೆ ಹೊಂದುವ ಒಳ್ಳೆಯ ಪ್ಲಾಟ್ ಕ್ವೆಸ್ಟ್, ಇನ್ನೊಬ್ಬರಿಗೆ ಕೆಲಸಕ್ಕೆ ಬಾರದ ಎರಡು ಬಂದರೆ ಆ ಅಂತರ ತುಂಬಿಕೊಳ್ಳುವುದು ಕಷ್ಟ. ಪ್ರತಿಯೊಬ್ಬರಿಗೂ ನಾಲ್ಕು ಕೊಟ್ಟು ಎರಡನ್ನು ಇಟ್ಟುಕೊಳ್ಳಲು ಬಿಟ್ಟರೆ ಇದು ಬಹುಮಟ್ಟಿಗೆ ಸರಿಹೋಗುತ್ತದೆ. ನಿಯಮ ಪುಸ್ತಕದಲ್ಲಿಲ್ಲದ ಮಾರ್ಪಾಡು, ಆದರೆ ಆಟ ಕೆಡುವುದಿಲ್ಲ.

50 ಇಂಟ್ರೀಗ್ ಕಾರ್ಡ್‌ಗಳಲ್ಲಿ ಲಾಭ ತರುವವು, ಎದುರಿನವರಿಂದ ಕಸಿಯುವವು, ‘ಮ್ಯಾಂಡೇಟರಿ ಕ್ವೆಸ್ಟ್’ ಎಂಬ ಬಲವಂತದ ಕೆಲಸಗಳು ಎಂದು ಮೂರು ಬಗೆ. ಮೂರನೆಯದನ್ನು ಯಾರ ಮೇಲೆ ಹಾಕುತ್ತೀರೋ ಅವರು ಅದನ್ನು ಮುಗಿಸುವವರೆಗೆ ಬೇರೆ ಯಾವ ಕ್ವೆಸ್ಟ್ ಕೂಡ ಮುಗಿಸುವಂತಿಲ್ಲ. ಸಿಗುವ ಪಾಯಿಂಟ್ ತೀರಾ ಕಡಿಮೆ, ಹೋಗುವ ಕ್ಯೂಬ್ ನಿಜವಾದದ್ದು. ಕೊನೆಯ ಸುತ್ತಿನಲ್ಲಿ ಗೆಲ್ಲುವ ಹಂತದಲ್ಲಿದ್ದವರ ಮೇಲೆ ಇದು ಬಿದ್ದರೆ ಆಟವೇ ತಿರುಗುತ್ತದೆ. ದೊಡ್ಡವರ ನಡುವೆ ಇದು ಸೊಗಸು. ಪೆಟ್ಟಿಗೆಯ ಮೇಲೆ 12 ವರ್ಷ ಮೇಲ್ಪಟ್ಟವರಿಗೆ ಎಂದಿದೆ, ಹತ್ತು ವರ್ಷದವರೂ ಆಡಬಲ್ಲರು. ಆದರೆ ಚಿಕ್ಕವರು ಕೂತಿದ್ದರೆ ಈ ಬಲವಂತದ ಕಾರ್ಡ್‌ಗಳನ್ನು ಆರಿಸಿ ಹೊರಗಿಡಿ, ಅಳು ತಪ್ಪುತ್ತದೆ.

ಹೊಸಬರು ತಪ್ಪುವ ನಿಯಮಗಳು ಹೆಚ್ಚುಕಡಿಮೆ ಎಲ್ಲ ಮನೆಯಲ್ಲೂ ಇವೇ. ಆರಂಭದ ಚಿನ್ನ ಎಲ್ಲರಿಗೂ ಸಮವಲ್ಲ: ಮೊದಲು ಆಡುವವರಿಗೆ 4, ನಂತರದವರಿಗೆ 5, ಆಮೇಲೆ 6, ಹೀಗೆ ಏರುತ್ತದೆ. ನಿಮ್ಮದೇ ಕಟ್ಟಡದಲ್ಲಿ ನೀವು ನಿಂತರೆ ಮಾಲೀಕರ ಪಾಲು ಇಲ್ಲ. ಕ್ಯಾಸಲ್‌ಗೆ ಹೋದವರಿಗೆ ಮೊದಲ ಸರದಿಯ ಗುರುತು ಕೂಡಲೇ ಬಂದರೂ ಕ್ರಮ ಬದಲಾಗುವುದು ಮುಂದಿನ ಸುತ್ತಿನಿಂದ. ಮುಗಿದ ಪ್ಲಾಟ್ ಕ್ವೆಸ್ಟ್‌ಗಳು ತೆರೆದೇ ಇರುವುದರಿಂದ ಕೊನೆಯಲ್ಲಿ ಲಾರ್ಡ್‌ನ ಲೆಕ್ಕಕ್ಕೆ ಅವನ್ನು ಸೇರಿಸಲು ಮರೆಯುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಸರದಿಗೆ ಒಂದೇ ಕ್ವೆಸ್ಟ್ ಮುಗಿಸಬಹುದು. ಮೂರ್ನಾಲ್ಕು ಕ್ವೆಸ್ಟ್‌ಗಳನ್ನು ಎಂಟನೇ ಸುತ್ತಿಗೆಂದು ಕೂಡಿಟ್ಟವರು ಇಲ್ಲಿ ಸಿಕ್ಕಿಕೊಳ್ಳುತ್ತಾರೆ. ಹಾರ್ಬರ್ ಆಗಲೂ ಕೈಹಿಡಿಯುತ್ತದೆ. ಅಲ್ಲಿ ನಿಂತಾಗ ಒಂದು ಕ್ವೆಸ್ಟ್, ಎದ್ದು ಬೇರೆಡೆ ಹೋದಾಗ ಇನ್ನೊಂದು ಮುಗಿಸಬಹುದು. ಆದ್ದರಿಂದ ಕೊನೆಯ ಸುತ್ತಿಗೆ ಒಂದೆರಡು ಇಂಟ್ರೀಗ್ ಕಾರ್ಡ್ ಉಳಿಸಿಕೊಂಡಿರಿ. ಆಟ ಮುಗಿದಾಗ ಉಳಿದ ಪ್ರತಿ ಕ್ಯೂಬ್‌ಗೆ 1 ಪಾಯಿಂಟ್, ಪ್ರತಿ 2 ಚಿನ್ನಕ್ಕೆ 1. ಸಮ ಬಂದರೆ ಹೆಚ್ಚು ಚಿನ್ನ ಉಳಿಸಿದವರು ಗೆದ್ದಂತೆ.

ಭಾಷೆಯ ತೊಡಕೊಂದಿದೆ. ಕಾರ್ಡ್‌ಗಳೆಲ್ಲ ಇಂಗ್ಲಿಷ್. ಡೊಂಬಿವಿಲಿಯಲ್ಲೋ ಗೋರೆಗಾಂವ್‌ನಲ್ಲೋ ಒಂದೇ ಚಾಪೆಯ ಸುತ್ತ ಕನ್ನಡ ಮಾತ್ರ ಓದುವ ಅಜ್ಜಿ, ಎರಡನ್ನೂ ಓದುವ ಸೊಸೆ, ಕನ್ನಡ ಮಾತಾಡಿದರೂ ಓದಲು ಬಾರದ ಮೊಮ್ಮಗ ಕೂರುತ್ತಾರೆ. ಕ್ವೆಸ್ಟ್‌ಗಳಿಂದ ತೊಂದರೆಯಿಲ್ಲ. ಬೇಕಾದ ಕ್ಯೂಬ್‌ಗಳ ಚಿತ್ರವೇ ಕಾರ್ಡ್ ಮೇಲಿದೆ, ಎಲ್ಲರಿಗೂ ಕಾಣುವಂತೆ ಇಡುವುದರಿಂದ ಯಾರು ಬೇಕಾದರೂ ಓದಿ ಹೇಳಬಹುದು. ಇಂಟ್ರೀಗ್ ಕಾರ್ಡ್ ಕೈಯೊಳಗಿರಬೇಕು. ಅಜ್ಜಿ “ಇದರಲ್ಲಿ ಏನು ಬರೆದಿದೆ ಮಗಾ?” ಎಂದು ತೋರಿಸಿದರೆ ಗುಟ್ಟು ಹೋಯಿತು. ಇದಕ್ಕೆ ಸುಲಭ ಉಪಾಯವಿದೆ. ಕಾರ್ಡ್‌ಗಳಿಗೆ ಪ್ಲಾಸ್ಟಿಕ್ ಸ್ಲೀವ್ ಹಾಕಿ, ಸ್ಲೀವ್‌ನ ಮುಂಭಾಗದ ಮೂಲೆಯಲ್ಲಿ ಮಾರ್ಕರ್‌ನಿಂದ ಸಂಖ್ಯೆ ಬರೆಯಿರಿ. ಹಿಂಭಾಗದಲ್ಲಿ ಬರೆದರೆ ಎದುರಿನವರಿಗೂ ಗೊತ್ತಾಗುತ್ತದೆ. ಸಂಖ್ಯೆಗೆ ಸರಿಯಾಗಿ ಕನ್ನಡದಲ್ಲಿ ಒಂದು ಹಾಳೆ ಬರೆದು ಒಬ್ಬೊಬ್ಬರ ಕೈಗೆ ಒಂದೊಂದು ಜೆರಾಕ್ಸ್ ಕೊಡಿ. ಒಂದು ಸಂಜೆಯ ಕೆಲಸ, ಆಮೇಲೆ ಅಜ್ಜಿಯೇ ಎಲ್ಲರನ್ನೂ ಸೋಲಿಸಬಹುದು.

ಸ್ಲೀವ್ ಮುಂಬೈಗೆ ಹೇಗೂ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವಕ್ಕೆ ಬರಿಯ ಕಾರ್ಡ್ ಬಾಗುತ್ತದೆ, ಬಾಗಿದ ಕಾರ್ಡ್ ಕಟ್ಟಿನಲ್ಲಿ ಬೇರೆಯಾಗಿ ಕಾಣುತ್ತದೆ. 121 ಕಾರ್ಡ್‌ಗಳು, ಅಳತೆ 63×88 ಮಿಲಿಮೀಟರ್. ಐವತ್ತರ ಪ್ಯಾಕ್ ಎರಡು ಸಾಲದು, ಮೂರು ಬೇಕು. ತೆಳುವಾದದ್ದೇ ತೆಗೆದುಕೊಳ್ಳಿ, ದಪ್ಪನೆಯದಾದರೆ ಪೆಟ್ಟಿಗೆಯೊಳಗಿನ ಟ್ರೇಯ ಗುಂಡಿಯಲ್ಲಿ ಕಟ್ಟು ಕೂರುವುದು ಕಷ್ಟ. ಪೆಟ್ಟಿಗೆಯೊಳಗೆ ಎರಡು ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಇಡದಿದ್ದರೆ ಬೂಷ್ಟು ಹಿಡಿಯುವುದಿಲ್ಲ. ಸೀಲಿಂಗ್ ಫ್ಯಾನ್ ಆರಿಸಿ ಆಡುವುದು ಈ ಊರಿನಲ್ಲಿ ಆಗದ ಮಾತು. ತೆರೆದಿಟ್ಟ ನಾಲ್ಕು ಕ್ವೆಸ್ಟ್‌ಗಳ ಮೇಲೆ ಒಂದೊಂದು ರೂಪಾಯಿ ನಾಣ್ಯ ಇಡಿ. ಟ್ಯೂಬ್‌ಲೈಟ್ ದೂರವಿದ್ದರೆ ಕಪ್ಪು ಮತ್ತು ನೇರಳೆ ಕ್ಯೂಬ್‌ಗಳು ಒಂದೇ ತರಹ ಕಾಣುತ್ತವೆ, ಬೇರೆ ಬೇರೆ ಬಟ್ಟಲಲ್ಲಿ ಹಾಕಿಡುವುದು ಒಳ್ಳೆಯದು.

ಬೋರ್ಡ್ ದೊಡ್ಡದು. ಕ್ಯಾರಂ ಸ್ಟ್ಯಾಂಡ್ ಮೇಲೆ ಇಟ್ಟರೆ ಆಟಗಾರರ ಮ್ಯಾಟ್‌ಗಳಿಗೆ ಜಾಗವಿಲ್ಲ. ಒಂದು ಕೋಣೆಯ ಮನೆಯಲ್ಲಿ ನೆಲದ ಮೇಲೆ ಚಾಪೆ ಹಾಸುವುದೇ ಸರಿ. ಹಳೆಯ ಮುದ್ರಣದ ಪೆಟ್ಟಿಗೆಯ ಮುಚ್ಚಳ ಆಳವಿಲ್ಲದೆ ಸಡಿಲ. ಲೋಕಲ್‌ನಲ್ಲಿ ನಿಲ್ಲಿಸಿ ಹಿಡಿದರೆ ದಾದರ್ ದಾಟುವಷ್ಟರಲ್ಲಿ ಒಳಗೆಲ್ಲ ಕಲಸಿಹೋಗಿರುತ್ತದೆ. ಅಗಲವಾದ ಎಲಾಸ್ಟಿಕ್ ಪಟ್ಟಿ ಎರಡು ಸುತ್ತು ಹಾಕಿ ಮಲಗಿಸಿಯೇ ಒಯ್ಯಿರಿ. ಟ್ರೇ ಮಾತ್ರ ಬಹಳ ಅಚ್ಚುಕಟ್ಟು, ಪ್ರತಿ ವಸ್ತುವಿಗೂ ಅದರದೇ ಗುಂಡಿ. ನಾಣ್ಯಗಳೂ ಕಣ್ಣಿಗೆ ಹಬ್ಬ: ಒಂದರದ್ದು ನಡುವೆ ತೂತಿರುವ ಚೌಕ, ಐದರದ್ದು ಅರ್ಧಚಂದ್ರ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ದುಡ್ಡು ಕೊಡುವ ಮೊದಲು ಎಣಿಸಿ: 60 ಕ್ವೆಸ್ಟ್, 50 ಇಂಟ್ರೀಗ್, 11 ಲಾರ್ಡ್, 24 ಕಟ್ಟಡ, ಪ್ರತಿ ಬಣ್ಣದ 25ರಂತೆ 100 ಕ್ಯೂಬ್. ಇಬ್ಬರ ಆಟದ ಕೊನೆಯ ಸುತ್ತುಗಳಲ್ಲಿ ಒಬ್ಬರಿಗೆ 5 ಏಜೆಂಟರು ಬೇಕು, ಬಣ್ಣ ಬಣ್ಣವಾಗಿ ಜೋಡಿಸಿ ನೋಡಿ. ಕ್ಯೂಬ್ ಕಳೆದಿದ್ದರೆ ಬೇರೆಯದನ್ನು ಹೊಂದಿಸಬಹುದು, ಕಾರ್ಡ್ ಕಳೆದಿದ್ದರೆ ಬೇಡ.

‘ಸ್ಕೌಂಡ್ರಲ್ಸ್ ಆಫ್ ಸ್ಕಲ್‌ಪೋರ್ಟ್’ ಎಂಬ ವಿಸ್ತರಣೆ 2013ರಲ್ಲಿ ಬಂತು. ಮೂಲ ಆಟವಿಲ್ಲದೆ ಇದನ್ನು ಆಡಲಾಗದು. ಆರನೆಯ ಆಟಗಾರರಿಗೆ ಜಾಗ, ಜೊತೆಗೆ ಎರಡು ಭಾಗ: ಇನ್ನೂ ದೊಡ್ಡ ಕ್ವೆಸ್ಟ್‌ಗಳ ಅಂಡರ್‌ಮೌಂಟನ್ ಮತ್ತು ಕಳ್ಳಬಂದರಿನ ಸ್ಕಲ್‌ಪೋರ್ಟ್. ಎರಡನೆಯದು ಅದ್ಭುತ. ಅಲ್ಲಿನ ಜಾಗಗಳು ಧಾರಾಳವಾಗಿ ಕೊಡುತ್ತವೆ, ಜೊತೆಗೆ ‘ಕರಪ್ಶನ್’ ಎಂಬ ತಲೆಬುರುಡೆಯ ಬಿಲ್ಲೆಯನ್ನೂ ಕೊಡುತ್ತವೆ. ಕೊನೆಯಲ್ಲಿ ಒಂದೊಂದು ಬಿಲ್ಲೆಗೂ ಪಾಯಿಂಟ್ ಕಳೆಯಬೇಕು, ಎಷ್ಟು ಎಂಬುದು ಎಲ್ಲರೂ ಸೇರಿ ಎಷ್ಟು ಬಿಲ್ಲೆ ತೆಗೆದಿದ್ದೀರಿ ಎಂಬುದರ ಮೇಲೆ ನಿಂತಿದೆ. ನೀವು ಎರಡೇ ತೆಗೆದಿದ್ದರೂ ಪಕ್ಕದವರ ದುರಾಸೆಗೆ ನಿಮ್ಮ ಎರಡರ ದಂಡವೂ ಏರುತ್ತದೆ. ಮೂಲ ಆಟ ಕೈಗೆ ಹತ್ತಿದ ಮೇಲೆ ಇದನ್ನು ಕೊಳ್ಳಿ, ಮೊದಲು ಸ್ಕಲ್‌ಪೋರ್ಟ್ ಭಾಗವೊಂದನ್ನೇ ಸೇರಿಸಿ ಆಡಿ.

ಪೆಟ್ಟಿಗೆ ಕೊಳ್ಳುವ ಮುನ್ನ ಪರೀಕ್ಷಿಸಬೇಕೆನ್ನುವವರಿಗೆ ಪ್ಲೇಡೆಕ್ ಕಂಪನಿ 2013ರಲ್ಲಿ ತಂದ ಡಿಜಿಟಲ್ ರೂಪವಿದೆ. ಮೇಲೆ ಹೇಳಿದ ತಪ್ಪುಗಳನ್ನು ಅದು ಮಾಡಗೊಡುವುದಿಲ್ಲವಾದ್ದರಿಂದ, ಮನೆಯಲ್ಲಿ ಬೇರೆಯವರಿಗೆ ಕಲಿಸಬೇಕಾದವರು ಅದರಲ್ಲಿ ಎರಡು ಆಟ ಆಡಿ ಕೂತರೆ ಮೊದಲ ದಿನವೇ ನಾಲ್ವರ ಆಟ ಎರಡು ಗಂಟೆಯೊಳಗೆ ಮುಗಿಯುತ್ತದೆ. ಪೆಟ್ಟಿಗೆಯ ಮೇಲೆ ಬರೆದಿರುವ 60 ನಿಮಿಷಕ್ಕೆ ಎಲ್ಲರ ಕೈಯೂ ಪಳಗಿರಬೇಕು.